ಬಯಲು ಎಂದು ಬರೆದ ಜಾಗ

ಬಸ್ಸು ಅರಕಲಗೂಡಿನಲ್ಲಿ ನಿಂತು, ಇಳಿಯುವವರು ಇಳಿದು, ಕೋಳಿಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ, ಮತ್ತೆ ಹೊರಟ ಮೇಲೂ ಆ ‘ಸಾ’ ಚಲುವಯ್ಯನ ಕಿವಿಯಿಂದ ಇಳಿಯಲಿಲ್ಲ. ಅವನನ್ನು ಸಾ ಎನ್ನುವವರು ಎಷ್ಟೋ ಜನ. ಗುತ್ತಿಗೆದಾರರು, ಮೇಸ್ತ್ರಿಗಳು, ಹಾಸನದ ಆಫೀಸಿನ ಜವಾನ ಎಲ್ಲರೂ ಅನ್ನುತ್ತಾರೆ. ಓವರ್ಸಿಯರನಾದ ಮೇಲೆ ಆ ಮಾತು ಅವನ ಖಾಕಿ ಪ್ಯಾಂಟಿನ ಹಾಗೆ, ಮೈಮೇಲಿದ್ದರೂ ಇದೆ ಎಂದು ಗೊತ್ತಾಗದ ಹಾಗೆ ಆಗಿಹೋಗಿತ್ತು. ಆದರೆ ಹೋದ ಸಲ ಹೊಳೆಕೊಪ್ಪಲಿನ ದಿಣ್ಣೆಯ ಮೇಲೆ, ಪಟೇಲ ರಂಗಸ್ವಾಮಿಯ ಎದುರಿಗೆ, ಜನರಿಂದ ಒಂದಷ್ಟು ದೂರ ನಿಂತು, ಸೆರಗನ್ನು ಭುಜದ ತುಂಬ ಎಳೆದುಕೊಂಡು, ‘ನಮ್ಮ ಕೇರೀದೂ ಒಸಿ ನೋಡ್ಬುಡಿ ಸಾ’ ಎಂದವಳು ಮಾಯಮ್ಮ. ಅವನ ಅವ್ವನ ಅಕ್ಕ. ಅವ್ವ ಕೂಲಿಗೆ ಹೋದ ದಿನಗಳಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಅದೇ ಹೊಳೆಕೊಪ್ಪಲಿನ ಕೇರಿಯೆಲ್ಲ ತಿರುಗಿದವಳು. ಚಿಕ್ಕಂದಿನಲ್ಲೇ ಊರು ಬಿಟ್ಟವನ ಗುರುತು ಊರಿನವರಿಗೆ ಇರಲಾರದು ಎಂಬುದು ಅವನ ನಂಬಿಕೆ. ಅವನು ಆಗ ಏನು ಮಾಡಿದ? ಸಾಹೇಬರು ತಲೆಯಾಡಿಸುವ ಹಾಗೆ ತಲೆಯಾಡಿಸಿ, ಕೈಯಲ್ಲಿದ್ದ ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದ. ಗೌರವಕ್ಕೆ ಅಂದಳು ಎಂದುಕೊಂಡಿದ್ದ. ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಗಾಳಿಗೆ ಕಣ್ಣು ಮುಚ್ಚಿದಾಗ, ಅವಳು ತನ್ನನ್ನು ಬಚ್ಚಿಟ್ಟಳು ಎಂದು ಹೊಳೆಯಿತು. ಇವನು ನಮ್ಮವನು ಎಂದು ಯಾರಿಗೂ ತಿಳಿಯದಿರಲಿ ಎಂದು, ಮಳೆಗೆ ಕೂಸನ್ನು ಸೆರಗಿನಡಿ ಮುಚ್ಚುವ ಹಾಗೆ, ಆ ಒಂದು ಮಾತಿನಡಿ ಮುಚ್ಚಿಟ್ಟಳು. ಅವನು ಆರಾಮಾಗಿ ಮುಚ್ಚಿಸಿಕೊಂಡ. ಅವಳು ಇರುವ ಸೋಗೆಯ ಗುಡಿಸಲಿಗೆ ಹೋಗಲೂ ಇಲ್ಲ. ಅವಳ ಗಂಡ ಕೆಂಚಯ್ಯ ದೊಡ್ಡಪ್ಪನನ್ನು ಹೊಳೆ ಎಳೆದುಕೊಂಡು ಹೋದ ಮೇಲೆ ಅವಳನ್ನು ನೋಡಿದ್ದು ಅದೇ ಮೊದಲು.

ತೊಡೆಗಳ ನಡುವೆ ಸಿಕ್ಕಿಸಿಕೊಂಡಿದ್ದ ತಗಡಿನ ಕೊಳವೆ ಬಸ್ಸಿನ ಪ್ರತಿ ಕುಲುಕಿಗೂ ಮಂಡಿಗೆ ಬಡಿಯುತ್ತಿತ್ತು. ಅದರೊಳಗೆ ಹೊಳೆಕೊಪ್ಪಲು ಸುರುಳಿ ಸುತ್ತಿಕೊಂಡು ಮಲಗಿತ್ತು. ಹಳೆಯದಲ್ಲ, ಇನ್ನು ಆಗಬೇಕಾದದ್ದು. ಹಳೆಯದನ್ನು ಹೋದ ಮಳೆಗಾಲದಲ್ಲಿ ಕಾವೇರಿ ನುಗ್ಗಿ ತೊಳೆದುಬಿಟ್ಟಿದ್ದಳು. ಊರಿನವರ ಮನೆಗಳಲ್ಲಿ ಹೊಸಿಲವರೆಗೆ, ಕೆಲವರಲ್ಲಿ ಸೊಂಟದವರೆಗೆ ನೀರು ಬಂತು. ಕೇರಿ ಮಾತ್ರ, ಊರಿನವರು ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತಿಗೆ, ಇರಲೇ ಇಲ್ಲ. ಕೇರಿ ಇದ್ದದ್ದು ಎಲ್ಲಕ್ಕಿಂತ ತಗ್ಗಿನಲ್ಲಿ, ಊರಿನ ನೀರೆಲ್ಲ ಹರಿದು ಹೊಳೆ ಸೇರುವ ಮೂಲೆಯಲ್ಲಿ. ಕೆಂಚಯ್ಯ ಕಟ್ಟಿದ್ದ ಆಡು ಬಿಚ್ಚಲು ಒಳಕ್ಕೆ ಹೋದವನು ಹೊರಕ್ಕೆ ಬರಲಿಲ್ಲ. ಇನ್ನು ಈ ಊರನ್ನು ಹೊಳೆದಂಡೆಯಲ್ಲಿ ಬಿಡುವುದು ಬೇಡ, ರಸ್ತೆಯ ಪಕ್ಕದ ದಿಣ್ಣೆಗೆ ಎತ್ತೋಣ ಎಂದು ಸರ್ಕಾರ ಹೇಳಿತು. ಇಂಜಿನಿಯರ್ ಸಾಹೇಬರು ಚಲುವಯ್ಯನ ಮೇಜಿನ ಮೇಲೆ ದಿಣ್ಣೆಯ ಗಡಿಯನ್ನಷ್ಟೇ ಗೀಚಿದ್ದ ಹಾಳೆ ಹಾಸಿ, ‘ಖಾಲಿ ಹಾಳೆ ಕಣಯ್ಯ. ಯಾರನ್ನ ಎಲ್ಲಿ ಬೇಕಾದರೂ ಇಡು. ಇಂಥ ಕೆಲಸ ಜನ್ಮದಲ್ಲಿ ಒಂದು ಸಲ ಸಿಗುತ್ತೆ’ ಎಂದು ಬೆನ್ನು ತಟ್ಟಿ ಹೋದರು.

ಅವನಿಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಎಂಥ ಹಗುರ ಇತ್ತು ಕೈಯಲ್ಲಿ! ದಿಣ್ಣೆಯ ನೆತ್ತಿಯ ಮೇಲೆ ದೇವಸ್ಥಾನ, ಅದರ ಮುಂದೆ ಅಗಲವಾದ ಬೀದಿ, ಎರಡು ಕಡೆ ಬೀದಿಗೆ ಬಾಗಿಲಿರುವ ಮನೆಗಳು, ಶಾಲೆ, ಬಾವಿ. ಪೆನ್ಸಿಲು ತನ್ನಷ್ಟಕ್ಕೆ ಓಡುತ್ತಿತ್ತು. ಊರು ಮುಗಿದ ಮೇಲೆ ಅದು ನಿಲ್ಲಲಿಲ್ಲ. ದಿಣ್ಣೆ ಇಳಿದು, ನೀರು ಹರಿಯುವ ಆಗ್ನೇಯದ ಮೂಲೆಗೆ ಹೋಗಿ, ಅಲ್ಲಿ ಊರಿಗೆ ಬೆನ್ನು ಮಾಡಿದ ಸಾಲು ಮನೆಗಳನ್ನು, ಅವಕ್ಕೆ ಬೇರೆಯೇ ಒಂದು ಬಾವಿಯನ್ನು, ಬೇರೆಯೇ ಒಂದು ದಾರಿಯನ್ನು ಗೀಚಿತು. ನಡುವೆ ಒಂದು ಅಂತರ ಉಳಿಯಿತು. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ಅದಕ್ಕೆ ಹಸಿರು ಬಣ್ಣ ತುಂಬಿ ‘ಬಯಲು’ ಎಂದು ಬರೆದ. ಸಾಹೇಬರು ನೋಡಿ ಖುಷಿಪಟ್ಟರು. ‘ಶಹಬ್ಬಾಸ್! ನಡುವೆ ಗಾಳಿ ಬೆಳಕಿಗೆ ಬಯಲು ಬಿಟ್ಟಿದೀಯಲ್ಲ, ದೊಡ್ಡ ದೊಡ್ಡ ಊರಿನಲ್ಲಿ ಈಗ ಹೀಗೇ ಮಾಡ್ತಾರೆ. ಬಾವೀನೂ ಎರಡು. ನೀರಿಗೆ ತೊಂದರೆ ಇಲ್ಲ’ ಎಂದರು. ಆ ಸಂಜೆ ಅವನು ಮಗಳಿಗೆ ಜಿಲೇಬಿ ಕಟ್ಟಿಸಿಕೊಂಡು ಹೋದ. ಹಾಗೆ ಬರೆ ಎಂದು ಯಾರೂ ಹೇಳಿರಲಿಲ್ಲ. ಈ ಮಾತನ್ನು ಅವನು ಈಗ ಮನಸ್ಸಿನಲ್ಲಿ ಹಿಂದು ಮುಂದು ತಿರುಗಿಸಿ ನೋಡುತ್ತಾನೆ. ಪಟೇಲ ಹೇಳಿರಲಿಲ್ಲ, ಸಾಹೇಬರು ಹೇಳಿರಲಿಲ್ಲ, ಒಂದು ನರಪಿಳ್ಳೆಯೂ ಹೇಳಿರಲಿಲ್ಲ. ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಂಡು ಇಷ್ಟು ಹೊತ್ತಿಗೆ ನೆಮ್ಮದಿಯಾಗಿ ಇರಬಹುದಿತ್ತು.

ತಾನು ಗೀಚಿದ್ದು ಏನೆಂದು ಗೊತ್ತಾದದ್ದು ಹೆಂಡತಿ ಪಾರ್ವತಮ್ಮನಿಂದ. ಅವಳಿಗೆ ನಕ್ಷೆಯ ಸುದ್ದಿಯೇ ತಿಳಿಯದು. ಬಟ್ಟೆ ಒಣಹಾಕುತ್ತಾ, ಹಿತ್ತಲಿನ ಚರಂಡಿಯ ವಾಸನೆಗೆ ಮೂಗು ಮುಚ್ಚಿಕೊಂಡು, ‘ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಕ್ವಾಟ್ರಸ್ ಕೊಡೋವಾಗ ಯಾವುದು ಬೇಕೋ ಆರಿಸ್ಕೊ ಅಂದ್ರಂತೆ. ಮಧ್ಯದ ಮನೆ ಖಾಲಿ ಇತ್ತಲ್ಲ. ನೀವ್ಯಾಕೆ ಈ ಕೊನೇದು ಕೇಳಿದ್ರಿ?’ ಎಂದಳು. ಗಾಳಿ ಚೆನ್ನಾಗಿದೆ ಎಂದು ಅವನು ಹೇಳಿದ. ‘ಹೂಂ, ಚೆನ್ನಾಗದೆ ಗಾಳಿ. ನೀವು ಆಫೀಸಲ್ಲಿರ್ತೀರಿ, ಕುಡಿಯೋಳು ನಾನು’ ಎಂದು ಅವಳು ನಕ್ಕಳು. ಅವನೂ ನಕ್ಕ. ನಗುತ್ತಲೇ ಹಿತ್ತಲಿನ ಸುತ್ತ ಒಮ್ಮೆ ನೋಡಿದ. ಸಾಲಿನ ಕೊನೆ, ಚರಂಡಿಯ ಪಕ್ಕ, ಬೇರೆಯವರ ಬಾಗಿಲು ಎದುರಿಗೆ ಬರದ ಹಾಗೆ. ಗುಮಾಸ್ತ ಬೀಗದ ಕೈಗಳನ್ನೆಲ್ಲ ಮುಂದೆ ಹರಡಿದಾಗ ಅವನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಕೈ ತಾನೇ ಹೋಗಿ ಅದನ್ನು ಎತ್ತಿಕೊಂಡಿತ್ತು. ಅದೇ ಕೈ. ಆಮೇಲೆ ಅವನು ಹೆಂಡತಿಯ ಜೊತೆ ಮಾತು ಕಡಿಮೆ ಮಾಡಿದ. ಹೇಳಿಕೊಳ್ಳಬಹುದಾದ ವಿಷಯವಾಗಿದ್ದರೆ ಹೇಳುತ್ತಿದ್ದ. ನಾನು ನನ್ನನ್ನೇ ಊರ ಹೊರಗೆ ಇಟ್ಟುಕೊಂಡೆ ಎಂದು ಊಟಕ್ಕೆ ಕೂತಾಗ ಯಾರು ಹೇಳುತ್ತಾರೆ? ಮಗಳು ಅಂಗಳದಲ್ಲಿ ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದಳು. ಪಕ್ಕದ ಸಾಲಿನ ಮಕ್ಕಳು ಅವರ ಅಂಗಳದಲ್ಲಿ ಆಡುತ್ತಿದ್ದರು. ಯಾರೂ ಬೇಡ ಎಂದಿರಲಿಲ್ಲ ಅಲ್ಲಿಯೂ.

ಕೊಪ್ಪಲಿನ ನಿಲ್ದಾಣದಲ್ಲಿ ಇಳಿದಾಗ ರಾಮನಾಥಪುರದ ಕಡೆಯಿಂದ ಹೊಗೆಸೊಪ್ಪು ಬೇಯಿಸುವ ಘಾಟು ಗಾಳಿಯಲ್ಲಿ ತೇಲಿಬರುತ್ತಿತ್ತು. ದಿಣ್ಣೆಯ ಮೇಲೆ ಆಗಲೇ ಜನ ಸೇರಿದ್ದರು. ಇವತ್ತು ಗೂಟ ಹೊಡೆದು, ದಾರ ಎಳೆದು, ಸುಣ್ಣದ ಗೆರೆ ಹಾಕಬೇಕು. ನಾಳೆಯಿಂದ ಪಾಯ ತೋಡುತ್ತಾರೆ. ಕಾಗದದ ಮೇಲಿನ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು, ತೋಡಿದ ಪಾಯವನ್ನು ಯಾರೂ ಅಳಿಸುವುದಿಲ್ಲ. ಸ್ಥಳಕ್ಕೆ ತಕ್ಕಂತೆ ಸಣ್ಣಪುಟ್ಟ ಬದಲಾವಣೆ ಮಾಡಿಕೊಳ್ಳುವ ಅಧಿಕಾರ ಓವರ್ಸಿಯರನಿಗೆ ಇತ್ತು. ಮಾಡುವುದಾದರೆ ಇವತ್ತು. ಹಾಸನ ಬಿಡುವಾಗ ಮಾಡಿಯೇಬಿಡುತ್ತೇನೆ ಅನ್ನಿಸಿತ್ತು. ಅರಕಲಗೂಡಿನ ಹೊತ್ತಿಗೆ, ಮಾಡಿದರೆ ಆಮೇಲೆ ಏಟು ತಿನ್ನುವವರು ಕೇರಿಯವರು, ನಾನಲ್ಲವಲ್ಲ ಎಂಬ ಯೋಚನೆ ಬಂತು. ಅದು ನಿಜವಾದ ಯೋಚನೆಯಾಗಿತ್ತು. ನಿಜವಾಗಿದ್ದುದರಿಂದಲೇ ಅವನಿಗೆ ಅದರ ಮೇಲೆ ಅನುಮಾನ.

‘ಬನ್ನಿ ಸಾ, ಬನ್ನಿ. ಬಿಸ್ಲು ಏರ್ಬುಡ್ತು. ಕುಂತ್ಕಳಿ’ ಎಂದು ಪಟೇಲ ರಂಗಸ್ವಾಮಿ ಎದುರಿಗೆ ಬಂದು ಕೈ ಮುಗಿದ. ಬೋಳುದಿಣ್ಣೆಯ ನಡುವೆ ಹೋದ ಸಲದಂತೆ ಈ ಸಲವೂ ಒಂದು ಕುರ್ಚಿ ಹಾಕಿಸಿದ್ದ. ಎಂಥ ಮರ್ಯಾದೆ ಎಂದು ಚಲುವಯ್ಯ ಮೊದಲ ಸಲ ಉಬ್ಬಿದ್ದ. ಬೋಳು ನೆಲದ ನಡುವೆ ತನಗೊಬ್ಬನಿಗೇ ಕುರ್ಚಿ! ಈಗ ಅದರ ಬೆನ್ನಿನ ಹಲಗೆಯ ಮೇಲೆ, ಬಣ್ಣ ಹೋಗಿ ಅರೆಬರೆ ಉಳಿದಿದ್ದ ‘ಸ.ಪ್ರಾ.ಶಾಲೆ’ ಎಂಬ ಅಕ್ಷರಗಳು ಕಂಡವು. ಪಟೇಲನ ಮನೆಯ ಕುರ್ಚಿಯಲ್ಲ, ಸರ್ಕಾರದ್ದು. ಕುರ್ಚಿಯನ್ನೇ ದಿಣ್ಣೆಗೆ ತಂದರೆ ಕೂರುವವನನ್ನು ಮನೆಗೆ ಕರೆಯಬೇಕಾಗಿಲ್ಲ. ಎಷ್ಟು ನಯವಾಗಿ, ಎಷ್ಟು ನೋವಾಗದ ಹಾಗೆ! ಅವನು ಕೂತ. ಎಳನೀರು ಬಂತು. ಎಳನೀರು ಬುರುಡೆಯಲ್ಲೇ ಬರುತ್ತದೆ, ಲೋಟ ಬೇಕಾಗುವುದಿಲ್ಲ, ಕುಡಿದು ಎಸೆದರೆ ಆಯಿತು. ಹೋದ ಸಲ ಅವನು ಎರಡು ಕುಡಿದಿದ್ದ.

ಪಟೇಲನ ಕಡೆಯ ಆಳು ಪುಟ್ಟರಾಜು ಸುಣ್ಣದ ಮಂಕರಿ ಹಿಡಿದು, ದಾರದ ಗುಂಟ ಪುಡಿ ಸುರಿಯುತ್ತಾ ಬಗ್ಗಿಕೊಂಡು ನಡೆದ. ಜನ ತಮ್ಮ ತಮ್ಮ ಮನೆಯ ಗೆರೆಯೊಳಗೆ ನಿಂತು ನಕ್ಕರು. ‘ಏಯ್, ನನ್ನ ಅಡಿಗೆಮನೇಲಿ ನಿಂತಿದೀಯ, ಆಚೆ ಓಗ್ಲಾ’ ಎಂದು ಒಬ್ಬ ಕೂಗಿದ. ‘ನಿನ್ ಎಂಡ್ರು ಮಾಡೋ ಅಡಿಗೆಗೆ ಯಾರ್ಲಾ ಒಳೀಕೆ ಬಂದಾರು?’ ಎಂದು ಇನ್ನೊಬ್ಬ. ಗೆರೆಗಳು ದಿಣ್ಣೆಯ ಮೇಲೆ ಬಿಳಿಯ ಎಲುಬುಗಳ ಹಾಗೆ ಹರಡಿದವು. ಕಾಗದದಲ್ಲಿ ಅಂಗೈಯಷ್ಟಿದ್ದ ಹಸಿರು ಪಟ್ಟಿ ನೆಲದ ಮೇಲೆ ಎಷ್ಟು ಅಗಲವಿತ್ತು ಎಂದರೆ, ಅದರಾಚೆ ಕೇರಿಯ ಗೂಟಗಳು ಬಿಸಿಲಿನ ಝಳದಲ್ಲಿ ಅಲುಗಾಡುವಂತೆ ಕಾಣುತ್ತಿದ್ದವು. ಪಟೇಲ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ದನಿ ತಗ್ಗಿಸಿ, ‘ನಿಜ ಹೇಳ್ತೀನಿ ಸಾ. ಖಾಲಿ ಜಾಗ, ಹೊಸಾ ಕಾಲ, ಯಾವನಾರ ಬಂದು ಎಲ್ಲಾರ್ನೂ ಒಂದೇ ಬೀದೀಲಿ ತುಂಬ್ಬುಟ್ರೆ ಏನಪ್ಪಾ ಗತಿ ಅಂತ ನಮಗೆ ನಿದ್ದೇನೇ ಇರ್ಲಿಲ್ಲ. ನಾವ್ ಬಾಯ್ಬಿಟ್ಟು ಕೇಳೋಕಾಯ್ತದಾ? ಕಾನೂನು ಅಂತೀರಿ. ನೀವು ನಮ್ ಬಾಯಿಂದ ಒಂದು ಮಾತೂ ಬರ್ದಂಗೆ ತಿಳ್ಕಂಡು ಮಾಡಿದೀರಿ. ದೊಡ್ಡ ಮನುಸ್ರು’ ಎಂದ. ಅವನ ಮುಖದಲ್ಲಿ ಕುಹಕವಿರಲಿಲ್ಲ. ನಿಜವಾದ ಕೃತಜ್ಞತೆ ಇತ್ತು. ಚಲುವಯ್ಯ ಖಾಲಿ ಬುರುಡೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಚಿಕ್ಕವನಿದ್ದಾಗ ಅವ್ವ ಹೇಳಿ ಕಳಿಸಿದ ಮಾತನ್ನು ಊರಿಗೆ ಮುಟ್ಟಿಸಲು ಓಡಿಬಂದವನು ಹುಣಸೆಮರದ ಹತ್ತಿರ ನಿಲ್ಲುತ್ತಿದ್ದ. ಕೇರಿಗೂ ಊರಿಗೂ ನಡುವೆ ಇದ್ದದ್ದು ಅದೊಂದೇ ಮರ. ಅಲ್ಲಿಂದ ಕೂಗಬೇಕು. ಯಾರಾದರೂ ಓ ಅನ್ನುವವರೆಗೆ ನೆರಳಿನಲ್ಲಿ ನಿಂತು ಹುಣಸೆಚಿಗುರು ತಿನ್ನಬೇಕು. ಅಲ್ಲಿ ನಿಲ್ಲು ಎಂದು ಅವನಿಗೆ ಮೊದಲ ಸಲ ಹೇಳಿದವರು ಯಾರು? ಎಷ್ಟು ಕೆದಕಿದರೂ ಆ ಮುಖ ನೆನಪಿಗೆ ಬರಲಿಲ್ಲ. ಹುಣಸೆಚಿಗುರಿನ ಹುಳಿ ಮಾತ್ರ ಈಗಲೂ ಹಲ್ಲಿನಲ್ಲಿ ಜುಂ ಎಂದಿತು.

ಮೊದಲು ಹೊಗೆ ಕಂಡದ್ದು ಪುಟ್ಟರಾಜುವಿಗೆ. ‘ಅಯ್ಯೋ, ಅದ್ಯಾರು ಅಲ್ಲಿ ಒಲೆ ಹಚ್ಚವ್ರೆ?’ ಎಂದು ಮಂಕರಿ ಇಳಿಸಿ ನಿಂತ. ಎಲ್ಲರೂ ತಿರುಗಿದರು. ಬಯಲಿನ ನಟ್ಟನಡುವೆ ಮಾಯಮ್ಮ ಕುಕ್ಕರಗಾಲಿನಲ್ಲಿ ಕೂತು ಬಗ್ಗಿ ಬೆಂಕಿ ಊದುತ್ತಿದ್ದಳು. ಮೂರು ಒಲೆಗುಂಡು, ಮೇಲೆ ಮಸಿ ಹಿಡಿದ ಮಡಕೆ, ಒತ್ತಿಗೆ ಇನ್ನೊಂದು ಕುಡಿಕೆ. ಪಕ್ಕದಲ್ಲಿ, ಕಲ್ಲು ಹೊರಲು ತಲೆಗೆ ಇಟ್ಟುಕೊಂಡಿದ್ದ ಬಟ್ಟೆಯ ಸಿಂಬಿ ಬಿದ್ದಿತ್ತು. ಹೊಳೆ ಇಳಿದ ಮೇಲೆ ಕೆಸರಿನಲ್ಲಿ ಕೈಯಾಡಿಸಿ ತನ್ನ ಹಳೆಯ ಒಲೆಗುಂಡುಗಳನ್ನು ಹುಡುಕಿ ತೆಗೆದಳು, ಗಂಡ ಸಿಕ್ಕಲಿಲ್ಲ, ಕಲ್ಲು ಸಿಕ್ಕಿದವು ಎಂದು ಯಾರೋ ಅವನಿಗೆ ಹೇಳಿದ್ದರು. ಕೇರಿಯಲ್ಲಿ ಮನೆ ಬದಲಾಯಿಸುವುದು ಎಂದರೆ ಅದೇ. ಗೋಡೆ ಆಮೇಲೆ, ಸೂರು ಆಮೇಲೆ. ಹಳೆಯ ಒಲೆಗುಂಡನ್ನು ಹೊತ್ತು ತಂದು ಹೊಸ ಜಾಗದಲ್ಲಿ ಇಟ್ಟು ಉರಿ ಹಚ್ಚಿದರೆ ಮನೆ ಆಯಿತು. ಉರಿಯುವ ಒಲೆಯನ್ನು ಎತ್ತುವುದಿಲ್ಲ. ಬೆಂದು, ಉಂಡು, ಬೂದಿ ತಣ್ಣಗಾಗುವವರೆಗೆ ಅದು ಯಾರದೇ ಜಾಗದಲ್ಲಿದ್ದರೂ ಸರಿ, ಎತ್ತುವುದಿಲ್ಲ. ಅವ್ವ ಗುಡಿಸಲು ಬದಲಾಯಿಸಿದಾಗ ಅವನೂ ಒಂದು ಸಣ್ಣ ಕಲ್ಲನ್ನು ತಲೆಯ ಮೇಲೆ ಹೊತ್ತಿದ್ದ.

‘ಎದ್ದೋಗಮ್ಮಿ ಅಲ್ಲಿಂದ! ಅದು ಬಯಲು, ನಿಮ್ಮದು ಕೆಳಗಡೆ!’ ಎಂದು ಪಟೇಲ ಕೂಗಿದ. ಮಾಯಮ್ಮ ತಲೆಯೆತ್ತದೆ, ‘ಕೆಳಗಡೆ ನೋಡ್ಕಂಡ್ ಬಂದೆ ಕಣಪ್ಪಾ. ಸುಣ್ಣ ಚೆಲ್ಲೋಗಂಟ ತಿಳೀನಿಲ್ಲ ನಂಗೆ. ನೀವು ಮ್ಯಾಲೆ ಕೈ ತೊಳ್ಕಂಡ್ರೂ ನನ್ನ ನಡುಮನೇಗೆ ಬತ್ತದೆ. ಒಂದ್ ಸಲ ನೀರು ಕುಡಿದಿವ್ನಿ, ಸಾಕು’ ಎಂದಳು. ಪಟೇಲ ಎರಡು ಹೆಜ್ಜೆ ಹೋದ. ನಿಂತ. ಪುಟ್ಟರಾಜುವಿನ ಕಡೆ ನೋಡಿದ. ಪುಟ್ಟರಾಜು ನೆಲ ನೋಡಿದ. ಆ ಮಡಕೆಯನ್ನು, ಆ ಕಲ್ಲನ್ನು ಊರಿನ ಯಾವ ಕೈಯೂ ಮುಟ್ಟುವ ಹಾಗಿರಲಿಲ್ಲ. ಅಷ್ಟು ಜನ ಗಂಡಸರು, ದೊಣ್ಣೆ ಎತ್ತಿದರೆ ಮುಗಿದುಹೋಗುವ ಒಂದು ಮುದುಕಿಯ ಒಲೆಯ ಮುಂದೆ, ತಾವೇ ಹಾಕಿಕೊಂಡ ಗೆರೆಯ ಈಚೆ ನಿಂತುಬಿಟ್ಟಿದ್ದರು. ಪಟೇಲ ನಿಧಾನವಾಗಿ ಹಿಂತಿರುಗಿ ಕುರ್ಚಿಯ ಹತ್ತಿರ ಬಂದ. ಮೊದಲಿನದೇ ನಯದಲ್ಲಿ, ‘ನಿಮ್ಮ ಪಿಲಾನಲ್ಲಿ ಅದು ಬಯಲು ತಾನೆ ಸಾ?’ ಎಂದ.

‘ಹೌದು’ ಎಂದ ಚಲುವಯ್ಯ.

‘ನಮ್ಮೋರು ಮುಟ್ಟೋ ಅಂಗಿಲ್ವಲ್ಲ ಸಾ.’ ಪಟೇಲ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡ. ‘ನೀವಾದ್ರೆ... ನೀವೇ ಹೋಗಿ ಎತ್ತಿಟ್ಬುಡಿ ಸಾ.’

ಹಾಗಾದರೆ, ತಾನು ಕೇರಿಯವನೆಂದು ಇವರಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಕುರ್ಚಿ ಬರುವ ಮೊದಲೇ ಗೊತ್ತಿತ್ತು. ದೊಡ್ಡವ್ವ ‘ಸಾ’ ಎಂಬ ಒಂದು ಮಾತಿನಡಿ ತನ್ನನ್ನು ಮುಚ್ಚಿಟ್ಟು ದೂರ ನಿಂತದ್ದು, ತಾನು ಆ ಸೆರಗಿನಡಿ ಉಸಿರು ಬಿಗಿಹಿಡಿದು ಕೂತದ್ದು, ಇವರೆಲ್ಲ ನೋಡಿಕೊಂಡು ಮರ್ಯಾದೆಗೆ ಬೇರೆ ಕಡೆ ಮುಖ ತಿರುಗಿಸಿದ್ದರು ಅಷ್ಟೆ. ಅವನಿಗೆ ಸಿಟ್ಟು ಬರಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಒಂದು ಭಾರವನ್ನು ಯಾರೋ ಕಸಿದುಕೊಂಡಂತಾಯಿತು. ಎದ್ದು, ಎಳನೀರಿನ ಬುರುಡೆಯನ್ನು ಕುರ್ಚಿಯ ಮೇಲೆ ಇಟ್ಟು ಹೊರಟ.

ಬಯಲಿನ ನಡುವಿಗೆ ಹೋಗುವುದಕ್ಕೆ ತುಂಬ ಹೊತ್ತು ಬೇಕಾಯಿತು. ಇದನ್ನು ಹಸಿರು ಬಣ್ಣದಿಂದ ತುಂಬಿದಾಗ ಕುಂಚ ಒಂದೇ ಉಸಿರಿಗೆ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಈಗ ಬೂಟಿನಡಿಯಲ್ಲಿ ಒಣಗರಿಕೆ ಸಿಡಿಯುತ್ತಿತ್ತು. ಬೆನ್ನ ಮೇಲೆ ಎಲ್ಲರ ಕಣ್ಣುಗಳಿದ್ದವು. ಎತ್ತಿಟ್ಟರೆ ಆಯಿತು, ಮೂರು ಕಲ್ಲು. ಹಾಸನದಲ್ಲಿ ಒಂದು ಕೆಲಸ ಇದೆ, ಹೆಂಡತಿ ಇದ್ದಾಳೆ, ಮಗಳು ಓದಬೇಕು. ಸಾಹೇಬರಿಗೆ ದೂರು ಹೋದರೆ, ನಕ್ಷೆ ನಿನ್ನದೇ ಅಲ್ಲವೇನಯ್ಯ ಎನ್ನುತ್ತಾರೆ. ನನ್ನದೇ. ಒಲೆಯ ಹತ್ತಿರ ಬಂದಾಗ ಮಾಯಮ್ಮ ಅವನ ಬೂಟು ನೋಡಿದಳು, ಮುಖ ನೋಡಲಿಲ್ಲ. ‘ಎತ್ತಕ್ಕೆ ಬಂದ್ರಾ ಸಾ?’ ಎಂದಳು.

ಅವನ ಕಾಲು ತಾನೇ ಮಡಚಿಕೊಂಡಿತು. ನೆಲದ ಮೇಲೆ, ಅವಳೆದುರಿಗೆ, ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟ. ಕೂತಾಗ ಮೊದಲು ಕಂಡದ್ದು ಇಳಿಜಾರು. ಕುರ್ಚಿಯ ಎತ್ತರದಿಂದ ಸಮವಾಗಿ ಕಂಡ ನೆಲ ಇಲ್ಲಿಂದ ಸರಸರನೆ ಇಳಿದು ಕೇರಿಯ ಗೂಟಗಳ ಬುಡಕ್ಕೆ ಹೋಗುತ್ತಿತ್ತು. ಲೆವೆಲ್ ಇಟ್ಟು ಅಳೆದವನು ತಾನೇ. ಅಂಕಿಗಳಲ್ಲಿ ಗೊತ್ತಿತ್ತು, ಕುಂಡೆಯಲ್ಲಿ ಗೊತ್ತಿರಲಿಲ್ಲ.

‘ಎದ್ದೇಳು, ಪ್ಯಾಂಟು ಮಣ್ಣಾಯ್ತದೆ’ ಎಂದಳು ಮಾಯಮ್ಮ, ತುಟಿ ಅಲುಗದ ಹಾಗೆ. ‘ಎಲ್ರೂ ನೋಡ್ತಾವ್ರೆ.’

‘ಉಣ್ಣಕ್ಕೆ ಏನಿದೆ ದೊಡ್ಡವ್ವ?’

ಅವಳ ಕೈ ಊದುಗೊಳವೆಯ ಮೇಲೆ ನಿಂತಿತು. ಹೊಗೆಯಿಂದಲೋ ಏನೋ ಕಣ್ಣು ಕೆಂಪಾಗಿದ್ದವು. ‘ಉಳ್ಳಿಕಾಳು ಸಾರು. ಮುದ್ದೆ ಇನ್ನು ತೊಳಸ್ಬೇಕು. ಕಾಯ್ತೀಯಾ?’

‘ಕಾಯ್ತೀನಿ.’

ಅವಳು ಮಡಕೆಯ ಎಸರಿಗೆ ಹಿಟ್ಟು ಸುರಿದು, ಕೋಲಿನಿಂದ ತೊಳಸುತ್ತಾ, ಯಾರಿಗೋ ಹೇಳುವವಳ ಹಾಗೆ, ‘ಈ ಊರು ಬರ್ದೋನು ಯಾರ್ಲಾ ಚಲುವ? ನಮ್ಮೂರ್ನ ಕಣ್ಣಾರೆ ಕಂಡೋನಂಗೆ ಬರ್ದವ್ನೆ. ಯಾವ್ದೂ ಬಿಟ್ಟಿಲ್ಲ. ಆ ಹುಣಸೆಮರ ಒಂದು ಮರ್ತವ್ನೆ ನೋಡು’ ಎಂದಳು. ಅವನು ಬಾಯಿ ತೆರೆದ. ಅವಳು ಅವಕಾಶ ಕೊಡಲಿಲ್ಲ. ‘ಗೊತ್ತು ಕಣ್ಲಾ, ಸುಮ್ಕಿರು. ಉಂಡ್ಮೇಲೆ ಅಳೀವಂತೆ. ಉಣ್ಣೋವಾಗ ಅಳ್ಬಾರ್ದು.’ ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಉರುಟುಮಾಡಿ, ಮುತ್ತುಗದ ಎಲೆಯ ಮೇಲಿಟ್ಟು, ಸಾರು ಹುಯ್ದಳು. ಸಾರು ಎಲೆಯ ಅಂಚು ದಾಟಿ ನೆಲಕ್ಕಿಳಿದು, ಸಣ್ಣ ಗೆರೆಯಾಗಿ ಕೆಳಗಿನ ಗೂಟಗಳ ಕಡೆ ಹೊರಟಿತು. ಇಬ್ಬರೂ ಅದನ್ನು ನೋಡಿದರು.

ಅವನು ಉಂಡ. ನಾಲಿಗೆ ಸುಟ್ಟಿತು. ತಿರುಗಿ ನೋಡಲು ಧೈರ್ಯವಿರಲಿಲ್ಲ, ನೋಡದೆಯೂ ಆ ಖಾಲಿ ಕುರ್ಚಿ, ಅದರ ಮೇಲಿನ ಬುರುಡೆ ಬೆನ್ನಿಗೆ ತಾಗುತ್ತಿದ್ದವು. ಆಚೆ ಕೇರಿಯವರು, ಹೊಳೆ ಬಂದ ಮೇಲೆ ಹಾಕಿಕೊಂಡಿದ್ದ ಸೋಗೆಯ ಗುಡಿಸಲುಗಳಿಂದ ಹೊರಬಂದು ನಿಂತಿದ್ದರು. ಅವರೂ ಹತ್ತಿರ ಬರಲಿಲ್ಲ. ಎರಡು ಕಡೆಯ ಜನರ ನಡುವೆ ಅಷ್ಟು ದೊಡ್ಡ ಬಯಲಿನಲ್ಲಿ ಅವರಿಬ್ಬರೇ. ಇಷ್ಟು ಒಂಟಿಯಾಗಿ ತಾನು ಯಾವತ್ತೂ ಇರಲಿಲ್ಲ, ಹಾಸನದ ಕೊನೆಯ ಮನೆಯಲ್ಲಿಯೂ, ಎಂದು ಅವನಿಗೆ ಅನ್ನಿಸಿತು. ಆದರೆ ಈ ಒಂಟಿತನಕ್ಕೆ ಸಾರಿನ ವಾಸನೆ ಇತ್ತು. ಒಲೆಯ ಉರಿ ಕುಗ್ಗುತ್ತಿತ್ತು. ಕೊಳ್ಳಿ ಮುರಿದು ಕೆಂಡವಾಗಿ, ಕೆಂಡದ ಮೇಲೆ ಬೂದಿ ಕೂರತೊಡಗಿತು. ಇನ್ನೊಂದು ಗಳಿಗೆ. ಬೂದಿ ತಣ್ಣಗಾದರೆ ಒಲೆ ಬರೀ ಕಲ್ಲು. ಆಗ ಎತ್ತಬಹುದು, ತಪ್ಪಿಲ್ಲ. ಪಟೇಲನೂ ಅದಕ್ಕೇ ಕಾಯುತ್ತಿರಬೇಕು. ರಸ್ತೆಯಲ್ಲಿ ಹಾಸನದ ಬಸ್ಸು ಬಂದು ನಿಂತು ಹಾರನ್ ಮಾಡಿತು. ಕಂಡಕ್ಟರನಿಗೆ ಅವನ ಗುರುತಿತ್ತು, ಬಸ್ಸು ಮತ್ತೊಮ್ಮೆ ಹಾರನ್ ಮಾಡಿತು. ಚಲುವಯ್ಯ ಎಲೆಯ ಮೇಲೆ ಉಳಿದಿದ್ದ ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡು ಕೂತ. ಬಸ್ಸು ಹೊರಟು, ಅದರ ಸದ್ದು ತಿರುವಿನಲ್ಲಿ ಸಣ್ಣದಾಗಿ, ಇಲ್ಲವಾಯಿತು.

‘ದೊಡ್ಡವ್ವ’ ಎಂದ. ‘ಸೌದೆ ಅದಾ?’

ಅವಳು ಒಲೆ ನೋಡಿದಳು, ಅವನನ್ನು ನೋಡಿದಳು.

‘ಹೊಳೆ ತಂದಾಕಿರೋದು ದಂಡೆ ತುಂಬ ಬಿದ್ದದೆ ಕಣ್ಲಾ. ಮನೆ ಮನೇ ಜಂತೆಗಳೇ ಅವೆ. ಎಷ್ಟು ದಿನಕ್ಕೆ ಬೇಕು?’

ಎಷ್ಟು ದಿನಕ್ಕೆ ಎಂದು ಅವನಿಗೆ ತಿಳಿದಿರಲಿಲ್ಲ. ಮಾಯಮ್ಮ ಕೇರಿಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು, ಹಿಂದೆ ಹುಣಸೆಮರದ ಕೆಳಗೆ ನಿಂತು ಕೂಗುತ್ತಿದ್ದಷ್ಟೇ ಗಟ್ಟಿಯಾಗಿ ಕೂಗಿದಳು. ಯಾರೋ ಓ ಅಂದರು. ಚಲುವಯ್ಯ ಬಗ್ಗಿ, ಕೆಂಡದ ಮೇಲಿನ ಬೂದಿಯನ್ನು ಊದಿದ.